ಗಿಡ್ಡ ಪೈಪು

ಮುಳ್ಳು ಅರ್ಧಕ್ಕೆ ನಿಂತು ಒಂಬತ್ತು ವರ್ಷ.
ತುಂಬಿಸಿದರೂ ಅರ್ಧ, ಬಸಿದು ಹೋದರೂ ಅರ್ಧ,
ಬಸ್ಸು ಮಾರಿದವನು ಕೀಲಿಕೈ ಕೊಟ್ಟ ದಿನವೂ ಅರ್ಧವೇ.
ಲೋವೆಲ್ ಮಾತ್ರ ಈಗಲೂ ಗಾಜಿಗೆ ಬೆರಳಿಂದ ತಟ್ಟುತ್ತಾನೆ,
ನಿದ್ದೆಯಲ್ಲಿರುವ ಮಗುವನ್ನು
ಎಬ್ಬಿಸಲೋ ಬೇಡವೋ ಎಂಬ ಹಾಗೆ.
"ನೋಡು ಆರ್ಡಿತ್, ಅಲುಗಿತು," ಅನ್ನುತ್ತಾನೆ.
ಅಲುಗಿದ್ದು ಬಸ್ಸು.

ನನ್ನ ನಂಬಿಕೆ ಪೊರಕೆ ಕೋಲಿನ ಮೇಲೆ.
ಹಿಂದಿನ ಮಾಲೀಕ, ಎಮೆಟ್ ಸ್ಕಾರ್ ಎಂಬಾತ,
ಚಾಕುವಿನಿಂದ ಕೊರೆದ ಎಂಟು ಕಚ್ಚು,
ಒಂದರಿಂದ ಒಂದಕ್ಕೆ ಒಂದೊಂದು ದೂರ.
ಕುಡಿದು ಕೊರೆದಿರಬೇಕು ಅಂದುಕೊಂಡಿದ್ದೆವು.
ಟ್ಯಾಂಕಿನ ತಳ ದುಂಡಗಿದೆ,
ಕೆಳಗಿನ ನಾಲ್ಕು ಬೆರಳು
ನಡುವಿನ ನಾಲ್ಕು ಬೆರಳಿಗೆ ಸಮವಲ್ಲ
ಎಂದು ತಿಳಿಯಲು
ವಿನ್ನೆಮಕ್ಕದ ಆಚೆ, ಎಳೆಯುವ ಲಾರಿಯವನಿಗೆ
ಆರುನೂರು ಡಾಲರ್ ಎಣಿಸಿಕೊಡಬೇಕಾಯಿತು.

ಕಾಫಿಗೂ ಮುಂಚೆ ನನ್ನ ಕೆಲಸ ಇದು:
ಮೆಟ್ಟಿಲ ಮೇಲೆ ಒಂದು ಗೋಲಿ ಇಡುವುದು.
ಅದು ಉರುಳಿದರೆ ಲೆಕ್ಕವೂ ಉರುಳುತ್ತದೆ,
ಚಕ್ರದಡಿಗೆ ಹಲಗೆ ತುರುಕಬೇಕು.
ಆಮೇಲೆ ಮುಚ್ಚಳ ತೆಗೆದು, ಕೋಲು ಇಳಿಸಿ,
ತಳ ಮುಟ್ಟಿದ ಠಕ್ ಕೇಳಿಸಿಕೊಂಡು, ಎತ್ತಿ
ಕೂಡಲೇ ಓದಿಬಿಡುವುದು.
ತಡಮಾಡಿದರೆ ಮರ ಡೀಸೆಲ್ ಕುಡಿದು
ಒದ್ದೆಯ ಗೆರೆ ಮೇಲೇರುತ್ತದೆ,
ಕೋಲೂ ಸುಳ್ಳಾಡುತ್ತದೆ,
ಲೋವೆಲ್‌ಗೆ ಹಿತವಾಗುವಂಥ ಸುಳ್ಳು.

ನೋಟುಬುಕ್ಕಿನಲ್ಲಿ ದಿನಾಂಕ, ಮೈಲಿ, ಕಚ್ಚು, ಗಾಳಿ.
ಎದುರುಗಾಳಿಯ ದಿನ ಗ್ಯಾಲನ್ನಿಗೆ ಏಳಿದ್ದದ್ದು ಐದಾಗುತ್ತದೆ.
ನನ್ನ ಅಂಗೈಯ ವಾಸನೆ ಬ್ರೆಡ್ಡಿಗೂ ಹತ್ತಿದೆ.
ಅವನು ದೂರುವುದನ್ನು ಬಿಟ್ಟು ಬಹಳ ದಿನವಾಯಿತು.

ಈಲಿಯಿಂದ ಟೋನೊಪಾಗೆ ನೂರ ಅರವತ್ತೆಂಟು ಮೈಲಿ.
ನಡುವೆ ಬಂಕಿಲ್ಲ ಎಂದು ಬೋರ್ಡೇ ಹೇಳುತ್ತದೆ.
ಅಂದು ಬೆಳಿಗ್ಗೆ, ಬಸ್ಸು ಮಾರುವ ಮಾತಿಗೆ
ಜಗಳ ಹತ್ತಿ, ನಾನು ಕೋಲು ಇಳಿಸಿರಲಿಲ್ಲ.
ಬೇಕಂತಲೇ.
ಮುಳ್ಳಿದೆಯಲ್ಲ, ನೋಡಿಕೋ ಅಂದಿದ್ದೆ.

ರಾತ್ರಿ, ಸೇಜ್ ಪೊದೆಗಳ ಬಯಲಲ್ಲಿ ನಿಲ್ಲಿಸಿ
ಮಾತು ಬೇಡವೆಂದು ಇಸ್ಪೀಟು ಆಡುತ್ತಿದ್ದೆವು.
ಜನರೇಟರ್ ಎರಡು ಸಲ ಕೆಮ್ಮಿ ಸುಮ್ಮನಾಯಿತು.
ದೀಪ, ಹೀಟರಿನ ಫ್ಯಾನು, ನನ್ನ ಕೈಯ ಮೂವರು ರಾಣಿಯರು,
ಎಲ್ಲ ಒಟ್ಟಿಗೇ ಕತ್ತಲೆಗೆ.
"ಅರ್ಧ ಇತ್ತಲ್ಲ," ಎಂದ ಲೋವೆಲ್,
ನಿಜವಾಗಿ ನೊಂದವನಂತೆ.

ಟಾರ್ಚು ಹಿಡಿದು ಇಳಿದೆ. ಚಳಿಗೆ ಮುಚ್ಚಳ ಕೈಗೆ ಅಂಟಿತು.
ಒಣಕೋಲನ್ನೇ ಕಾಣುವೆನೆಂದು ಎತ್ತಿದರೆ
ಎರಡನೇ ಕಚ್ಚಿನವರೆಗೆ ಹೊಳೆಯುವ ಒದ್ದೆ.
ಕಾಲು ಭಾಗ ಉಳಿದಿದೆ.
ಎಂಜಿನ್ನಿನ ಪೈಪು ತಳದವರೆಗೆ ಇಳಿದಿದೆ,
ಜನರೇಟರಿನದು ಗಿಡ್ಡ, ಅಲ್ಲಿಗೆ ಎಟಕುವುದಿಲ್ಲ.
ದೀಪ ಆರಿದರೆ ಆರಲಿ, ದಾರಿ ಇರಲಿ
ಎಂದು ಸ್ಕಾರ್ ತಲೆ ಓಡಿಸಿದನೋ,
ಇಲ್ಲ, ಅಂದು ಅವನ ಬಳಿ ಇದ್ದ ಪೈಪೇ ಅಷ್ಟೋ.
ಕೇಳೋಣವೆಂದರೆ ಅವನ ನಂಬರಿಗೆ ಈಗ
ಯಾವುದೋ ಕ್ಷೌರದ ಅಂಗಡಿಯವರು ಓ ಅನ್ನುತ್ತಾರೆ.

"ಒಂದು ಗೇಣು ರಬ್ಬರ್ ಕೊಳವೆ ಸಿಕ್ಕಿಸಿದರೆ
ಪೂರ್ತಿ ಬಳಸಬಹುದು," ಎಂದ, ಕಂಬಳಿಯೊಳಗಿಂದ.
"ಪೂರ್ತಿ ಬಳಸಿ?"
ಅವನು ಉತ್ತರಿಸಲಿಲ್ಲ.
ನನ್ನ ಕಾಲು ತಣ್ಣಗಿದ್ದವು. ಅವನ ಕಾಲಿಗೆ ಒತ್ತಿದೆ.
ಹಾಗೆಂದು ಜಗಳ ಮುಗಿದಿರಲಿಲ್ಲ.

ಬೆಳಿಗ್ಗೆ ಮೂರನೇ ಸಲಕ್ಕೆ ಎಂಜಿನ್ ಹಿಡಿಯಿತು.
ಅದು ಬಿಸಿಯಾಗುವವರೆಗೆ, ಅವನ ಚಾಕು ಇಸಿದುಕೊಂಡು,
ಸ್ಕಾರನ ಎರಡನೇ ಕಚ್ಚಿನ ಪಕ್ಕ
ನಾನೊಂದು ಓರೆಗೆರೆ ಕೊರೆದೆ.
ಲೋವೆಲ್ ಗಾಜಿಗೆ ತಟ್ಟಿದ. ಅರ್ಧ.
ಟೋನೊಪಾಗೆ ಇನ್ನು ಅರವತ್ತೊಂದು ಮೈಲಿ,
ಮಾರುವ ಮಾತನ್ನು ಇಬ್ಬರೂ ಎತ್ತಲಿಲ್ಲ.
ಗಾಳಿ ಹಿಂದಿನಿಂದ ಬೀಸುತ್ತಿತ್ತು.
ಅದನ್ನೂ ಬರೆದುಕೊಂಡೆ.